ಮಂಡಿ ಆಪರೇಶನ್: ಮೈಸೂರೋ, ಇಲ್ಲೇ ಕಾಯುವುದೋ?

ಇಂಗ್ಲೆಂಡಿನಲ್ಲಿರುವ ನಮ್ಮ ವಯಸ್ಸಿನ ಕನ್ನಡದವರು ಯುಗಾದಿಗೋ ರಾಜ್ಯೋತ್ಸವಕ್ಕೋ ಒಂದು ಹಾಲ್ ಬಾಡಿಗೆ ಹಿಡಿದು ಸೇರಿದರೆ, ಬಿಸಿಬೇಳೆಬಾತ್ ಮುಗಿಯುವಷ್ಟರಲ್ಲಿ ಮಾತು ಮೈಗೆ ಬಂದಿರುತ್ತದೆ. ಒಂದು ಕಾಲಕ್ಕೆ ಮಕ್ಕಳ ಗ್ರಾಮರ್ ಸ್ಕೂಲು, ಆಮೇಲೆ ಮನೆ ಬೆಲೆ. ಈಗ ಮಂಡಿ, ಕಣ್ಣು, ಹರ್ನಿಯಾ. ಯಾರು ಎಷ್ಟು ತಿಂಗಳಿಂದ ಸರದಿಯಲ್ಲಿದ್ದಾರೆ, ಯಾರು ಊರಿಗೆ ಹೋಗಿ ಮಾಡಿಸಿಕೊಂಡು ಬಂದರು, ಯಾರಿಗೆ ಎಷ್ಟಾಯಿತು. ಊರಿಗೆ ಹೋಗಿ ಬಂದವರ ಸುತ್ತ ಒಂದು ಸಣ್ಣ ಗುಂಪೇ ಕಟ್ಟುತ್ತದೆ. ಅವರು ಕುರ್ಚಿಯಿಂದ ಎದ್ದು, ಕಾಲು ಮಡಿಸಿ ತೋರಿಸಿ, "ನೋಡಿ, ಏನೂ ಆಗೇ ಇಲ್ಲ ಅನ್ನೋ ಹಾಗಿದೆ" ಅನ್ನುತ್ತಾರೆ. ಚೆನ್ನಾಗಿ ಆಗದವರು ಆ ಹಾಲ್‌ಗೇ ಬಂದಿರುವುದಿಲ್ಲ ಎನ್ನುವುದು ಯಾರಿಗೂ ಹೊಳೆಯುವುದಿಲ್ಲ.

ನನ್ನದು ಬಲ ಮಂಡಿ. ರೆಡಿಂಗ್‌ನಲ್ಲಿ ಕೌನ್ಸಿಲ್ ಲೈಬ್ರರಿಯಲ್ಲಿ ಕೆಲಸ. ವಾಪಸ್ ಬಂದ ಪುಸ್ತಕಗಳ ಟ್ರಾಲಿ ತಳ್ಳುವುದು ಅಷ್ಟು ಕಷ್ಟವಲ್ಲ, ಅವುಗಳನ್ನು ಕೆಳಗಿನ ಸಾಲಿಗೆ ಜೋಡಿಸಿ ಮತ್ತೆ ಎದ್ದು ನಿಲ್ಲುವುದಿದೆಯಲ್ಲ, ಅದು. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಕಷ್ಟ ಎನ್ನುವುದನ್ನು ಮಂಡಿ ಸವೆದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎಕ್ಸ್‌ರೇ ನೋಡಿದ ಡಾಕ್ಟರು ಒಳಬದಿಯಲ್ಲಿ ಮೃದುಮೂಳೆ ಪೂರ್ತಿ ಹೋಗಿದೆ, ಮೂಳೆಗೆ ಮೂಳೆ ತಾಗುತ್ತಿದೆ ಎಂದರು. ಮಂಡಿ ಬದಲಾಯಿಸಬೇಕು. ಯಾವಾಗ ಎನ್ನುವುದು ನನ್ನ ಇಷ್ಟ. ಮಾಡಿಸದಿದ್ದರೆ ಯಾರೂ ಸಾಯುವುದಿಲ್ಲ, ಬದುಕು ದಿನೇದಿನೇ ಚಿಕ್ಕದಾಗುತ್ತದೆ, ಅಷ್ಟೆ. ಇಂಥ ಆಪರೇಶನ್ನಿಗೇ ಜನ ದೇಶ ದಾಟುವುದು. ಅಪೆಂಡಿಕ್ಸ್ ಒಡೆದವರು ವಿಮಾನದ ಟಿಕೆಟ್ ನೋಡುತ್ತಾ ಕೂರುವುದಿಲ್ಲ.

ಇಲ್ಲಿಯ ಸರ್ಕಾರದ ಪುಕ್ಕಟೆ ಆರೋಗ್ಯ ಸೇವೆ ಎನ್‌ಎಚ್‌ಎಸ್ ಕಾಗದದ ಮೇಲೆ ಕೊಟ್ಟಿರುವ ಮಾತು 18 ವಾರ. ಜಿ.ಪಿ., ಅಂದರೆ ನಮ್ಮ ಮಾಮೂಲಿ ಡಾಕ್ಟರು, ಆಸ್ಪತ್ರೆಗೆ ಕಳಿಸಿದ ದಿನದಿಂದ ನೂರರಲ್ಲಿ 92 ಜನಕ್ಕೆ ಅಷ್ಟರೊಳಗೆ ಚಿಕಿತ್ಸೆ ಶುರುವಾಗಿರಬೇಕು. 2016ರಿಂದೀಚೆಗೆ ಆ ಮಾತು ನಡೆದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಸರದಿ ಪಟ್ಟಿಯಲ್ಲಿ ಸುಮಾರು 77 ಲಕ್ಷ ಹೆಸರುಗಳಿದ್ದವು. ಒಬ್ಬರೇ ಎರಡು ಮೂರು ಸರದಿಯಲ್ಲಿರುವುದೂ ಉಂಟು, ಹಾಗಾಗಿ ತಲೆ ಲೆಕ್ಕ ಇದಕ್ಕಿಂತ ಸ್ವಲ್ಪ ಕಡಿಮೆ. ಆ ಪಟ್ಟಿಯಲ್ಲಿ ಮಂಡಿ, ಸೊಂಟದವರ ಪಾಲು ದೊಡ್ಡದು. ನಾವು ಅರ್ಜೆಂಟ್ ಅಲ್ಲವಲ್ಲ.

ದುಡ್ಡು ಕೊಟ್ಟು ಇಲ್ಲೇ ಖಾಸಗಿಯಾಗಿ ಮಾಡಿಸಿದರೆ ಎಷ್ಟು ಎಂದು ಕೇಳಿದೆ. ಹದಿನೈದು ಸಾವಿರ ಪೌಂಡಿನ ಆಸುಪಾಸು. ಮೈಸೂರಿನಲ್ಲಿ ವಿಚಾರಿಸಿದ ಕಡೆ ಒಂದು ಮಂಡಿಗೆ ಎರಡೂವರೆಯಿಂದ ಮೂರೂವರೆ ಲಕ್ಷ ರೂಪಾಯಿ. ನಮ್ಮ ಮಗಳು ಕೂಡಲೇ ಒಂದು ಸ್ಪ್ರೆಡ್‌ಶೀಟ್ ಮಾಡಿದಳು. ಅವಳಿಗೆ ಮದುವೆ ಮಾಡುವಾಗಲೂ ಸ್ಪ್ರೆಡ್‌ಶೀಟೇ. ನಮ್ಮಿಬ್ಬರ ಟಿಕೆಟ್ಟು, ಬರುವಾಗ ಕಾಲು ಚಾಚುವುದಕ್ಕೆ ಹೆಚ್ಚು ದುಡ್ಡಿನ ಸೀಟು, ಸಂಬಳವಿಲ್ಲದ ರಜೆ, ಫಿಸಿಯೋ, ಔಷಧಿ, ಎಲ್ಲ ಸೇರಿಸಿದರೂ ಇಲ್ಲಿಯ ಖಾಸಗಿ ಖರ್ಚಿನ ಅರ್ಧ ದಾಟಲಿಲ್ಲ. "ಅಮ್ಮ, ಇದರಲ್ಲಿ ಯೋಚನೆ ಮಾಡೋಕೆ ಏನಿದೆ?" ಅಂದಳು.

ಇದೆ. ಮೊದಲನೆಯದಾಗಿ, ಹೋಲಿಕೆ ಯಾವುದಕ್ಕೆ? ನಾನು ಹೇಗೂ ಹದಿನೈದು ಸಾವಿರ ಪೌಂಡು ಕೊಟ್ಟು ಮಾಡಿಸುವವಳಲ್ಲ. ನನ್ನ ಮುಂದೆ ಇದ್ದದ್ದು ಮೈಸೂರಿನ ಮೂರು ಲಕ್ಷ, ಇಲ್ಲವೇ ಇಲ್ಲಿಯ ಸೊನ್ನೆ ಮತ್ತು ಕಾಯುವುದು. ಹಾಗಾಗಿ ನಾನು ತೂಗಬೇಕಾದದ್ದು ದುಡ್ಡಿಗೆ ದುಡ್ಡನ್ನಲ್ಲ, ನೋವಿನ ಕೆಲವು ತಿಂಗಳಿಗೆ ದುಡ್ಡು ಮತ್ತು ಅಪಾಯವನ್ನು. ಅಮೆರಿಕದಲ್ಲಿ ಇನ್ಶೂರೆನ್ಸ್ ಇಲ್ಲದವರ ಲೆಕ್ಕ ಬೇರೆ. ಅವರಿಗೆ ಕಾಯುವ ಸೊನ್ನೆಯೇ ಇಲ್ಲ. ಅವರು ಭಾರತಕ್ಕೆ ಹೋಗುತ್ತೇವೆಂದರೆ ನಾನು ಬೇಡ ಅನ್ನುವುದಿಲ್ಲ.

ಭಾರತದಲ್ಲಿ ಅಗ್ಗ ಅಂದ ಕೂಡಲೇ ಇಲ್ಲಿಯವರು ಮುಖ ಸಿಂಡರಿಸುತ್ತಾರೆ, ಕಳಪೆ ಇರಬಹುದೇ ಎಂದು. ಅದಲ್ಲ. ಆಪರೇಶನ್ ಖರ್ಚಿನಲ್ಲಿ ಹೆಚ್ಚಿನ ಪಾಲು ಜನರ ಸಂಬಳ, ಕಟ್ಟಡ, ವಿಮೆ; ಅವು ಅಲ್ಲಿ ಕಡಿಮೆ. ಇನ್ನು ಒಳಗೆ ಕೂರಿಸುವ ಲೋಹದ ಮಂಡಿ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಅದಕ್ಕೆ ಗರಿಷ್ಠ ಬೆಲೆ ಕಟ್ಟಿತು. ಸುಮಾರು ಒಂದೂವರೆ ಲಕ್ಷಕ್ಕೆ ಮಾರುತ್ತಿದ್ದ ಕೋಬಾಲ್ಟ್ ಕ್ರೋಮಿಯಂ ಮಂಡಿಯ ಬೆಲೆ ಆಗ 54,720 ರೂಪಾಯಿಗೆ ಇಳಿಯಿತು, ಮೇಲೆ ಜಿಎಸ್‌ಟಿ. ಇಲ್ಲಿ ಹಾಕುವ ಅಂತರರಾಷ್ಟ್ರೀಯ ಕಂಪನಿಗಳ ಮಂಡಿಯೇ ಅಲ್ಲೂ ಸಿಗುತ್ತದೆ. ಕೈಚಳಕದ ವಿಷಯಕ್ಕೆ ಬಂದರೆ, ಅಲ್ಲಿಯ ಕೆಲವು ಸರ್ಜನ್ನರು ಒಂದು ವಾರಕ್ಕೆ ಮಾಡುವಷ್ಟು ಮಂಡಿಯನ್ನು ಇಲ್ಲಿ ಹಲವರು ತಿಂಗಳಿಗೆ ಮಾಡುವುದಿಲ್ಲ. ಈ ಆಪರೇಶನ್ನಿನಲ್ಲಿ ಅಭ್ಯಾಸ ದೊಡ್ಡ ವಿಷಯ. ಒಬ್ಬರೇ ಹೋಗಿ ಮಾಡಿಸಿಕೊಂಡು ಬಂದು ಚೆನ್ನಾಗಿರುವವರು ಸುಳ್ಳು ಹೇಳುತ್ತಿಲ್ಲ. ನನ್ನ ಜೊತೆ ಕೆಲಸ ಮಾಡುವ ಇಂಗ್ಲಿಷ್ ಹೆಂಗಸೊಬ್ಬಳು ಲಿಥುವೇನಿಯಾದ ಕೌನಸ್‌ಗೆ ಹೋಗಿ ಸೊಂಟ ಮಾಡಿಸಿಕೊಂಡು ಬಂದಳು. ಎರಡೂವರೆ ಗಂಟೆಯ ವಿಮಾನ, ಆಪರೇಶನ್ ಆದ ಮೇಲೆ ಅಲ್ಲೇ ಇದ್ದು ಫಿಸಿಯೋ. ಈಗ ಬೆಟ್ಟ ಹತ್ತುತ್ತಾಳೆ.

ನನ್ನ ಚಿಂತೆ ಆಪರೇಶನ್ ಥಿಯೇಟರ್ ಒಳಗಿನದಲ್ಲ. ಅದು ಒಂದೂವರೆ ಎರಡು ಗಂಟೆಯ ಕೆಲಸ. ಅದಾದ ಮೇಲೆ ಮೂರು ತಿಂಗಳು ನಾನು ಯಾರ ಮನೆಯಲ್ಲಿ, ಯಾರ ಕೈಯಲ್ಲಿ ಇರುತ್ತೇನೆ, ಆಮೇಲೆ ಇಪ್ಪತ್ತು ವರ್ಷ ಈ ಮಂಡಿಗೆ ಏನಾದರೂ ಆದರೆ ಯಾರು ಫೋನ್ ಎತ್ತುತ್ತಾರೆ? ಇದು ಸ್ಪ್ರೆಡ್‌ಶೀಟಿನ ಯಾವ ಕಾಲಂನಲ್ಲೂ ಇರಲಿಲ್ಲ.

ಮೈಸೂರಿನಲ್ಲಿ ತಂಗಿ ಇದ್ದಾಳೆ, ಕುವೆಂಪುನಗರದಲ್ಲಿ. "ಅಲ್ಲಿ ಕಾಯ್ಕೊಂಡು ಯಾಕೆ ಕೂತಿದ್ದೀಯಕ್ಕ, ಬಂದುಬಿಡು. ಕೆಳಗಿನ ರೂಮು ಖಾಲಿ ಇದೆ, ಕಮೋಡೂ ಇದೆ. ಫಿಸಿಯೋ ಮನೆಗೇ ಬರ್ತಾರೆ, ಒಂದು ಸಲಕ್ಕೆ ಐನೂರೋ ಎಂಟುನೂರೋ ಅಷ್ಟೆ" ಎನ್ನುತ್ತಾಳೆ ಫೋನ್ ಮಾಡಿದಾಗಲೆಲ್ಲ. ಇಲ್ಲಿ ಮಂಡಿ ಮಾಡಿದ ಮರುದಿನವೋ ಅದರ ಮರುದಿನವೋ ಕೈಗೆ ಕೋಲು ಕೊಟ್ಟು ಮನೆಗೆ ಕಳಿಸುತ್ತಾರೆ. ವ್ಯಾಯಾಮದ ಚಿತ್ರಗಳಿರುವ ಪುಸ್ತಕ ಕೊಡುತ್ತಾರೆ, ಕೆಲವು ಫಿಸಿಯೋ ಭೇಟಿ ಇರುತ್ತದೆ, ಮಿಕ್ಕದ್ದು ನಮ್ಮ ಹಠ. ಮಂಡಿ ಆಪರೇಶನ್ನಿನ ಅರ್ಧ ಗೆಲುವು ಮೊದಲ ಆರು ವಾರದಲ್ಲಿ ಕಾಲನ್ನು ಎಷ್ಟು ಮಡಿಸಿ ಎಷ್ಟು ನೆಟ್ಟಗೆ ಮಾಡಿದೆವು ಎನ್ನುವುದರಲ್ಲಿದೆ. ಆಗ ದಿನಾ ಒಬ್ಬರು ಬಂದು "ಇನ್ನೊಂದು ಸ್ವಲ್ಪ ಬಗ್ಗಿಸಿ ಅಮ್ಮ" ಎಂದು ಕಾಲು ಹಿಡಿದು ಅಳಿಸುವವರಿದ್ದರೆ ಅದು ಭಾಗ್ಯ. ಬಿಸಿ ಅನ್ನ, ತಿಳಿಸಾರು, ಮನೆಗೆಲಸಕ್ಕೆ ಜನ. ಇದನ್ನೆಲ್ಲ ಯಾವ ಖಾಸಗಿ ಆಸ್ಪತ್ರೆಯೂ ಇಲ್ಲಿ ಕೊಡುವುದಿಲ್ಲ.

ಆದರೆ ತಂಗಿಗೂ ಐವತ್ತೆಂಟಾಯಿತು. ಮೇಲಿನ ರೂಮಿನಲ್ಲಿ ಎಂಬತ್ತಾರರ ಅತ್ತೆ ಹಾಸಿಗೆ ಹಿಡಿದಿದ್ದಾರೆ. ರಾತ್ರಿ ಎರಡು ಗಂಟೆಗೆ ನನ್ನನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗಿ ಮಲಗಿಸಿ, ಬೆಳಿಗ್ಗೆ ಐದಕ್ಕೆ ಎದ್ದು ಅತ್ತೆಯ ಡೈಪರ್ ಬದಲಾಯಿಸಬೇಕು. ಅವಳು ಬೇಡ ಅನ್ನುವುದಿಲ್ಲ, ಅದೇ ಕಷ್ಟ. ಊರಿನಲ್ಲಿ ಆರೈಕೆ ಸಿಗುತ್ತದೆ ಎಂದು ನಾವು ಹೊರದೇಶದವರು ಹೆಮ್ಮೆಯಿಂದ ಹೇಳಿಕೊಳ್ಳುವಾಗ ಆ ಆರೈಕೆ ಮಾಡುವ ಹೆಂಗಸಿನ ಸೊಂಟವನ್ನು ಯಾರೂ ನೋಡುವುದಿಲ್ಲ. ಜೊತೆಗೆ ನೋಡಿಕೊಂಡು ಹೋಗಲು ಬರುವವರು. ಎಳನೀರು, ಮೋಸಂಬಿ ಹಿಡಿದು ತಿಪಟೂರಿನಿಂದ ಹಿಡಿದು ಅರಸೀಕೆರೆಯವರೆಗಿನ ಬಳಗ ಸಾಲಾಗಿ ಬರುತ್ತದೆ. ಬಂದವರು ದೂರ ಕೂರುವವರಲ್ಲ; ಪಕ್ಕದಲ್ಲೇ ಕೂತು ಹೊಲಿಗೆ ತೋರಿಸು ಅನ್ನುತ್ತಾರೆ, ಮುಟ್ಟಿಯೂ ನೋಡುತ್ತಾರೆ. ಹೊಸ ಮಂಡಿ ಹಾಕಿಸಿಕೊಂಡವರಿಗೆ ಸೋಂಕೇ ದೊಡ್ಡ ಶತ್ರು ಎಂದು ಚಿಕ್ಕಪ್ಪನಿಗೆ ಹೇಳುವುದು ಹೇಗೆ?

ಸೋಂಕಿನ ಮಾತು ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನನ್ನ ನಿರ್ಧಾರ ತಿರುಗಿದ್ದು ಇಲ್ಲೇ.

ಮಂಡಿ ಬದಲಾಯಿಸಿದವರಲ್ಲಿ ನೂರಕ್ಕೆ ಒಬ್ಬಿಬ್ಬರಿಗೆ ಕೀಲಿನೊಳಗೆ ಸೋಂಕಾಗುತ್ತದೆ. ಒಳ್ಳೆಯ ಆಸ್ಪತ್ರೆಯಲ್ಲೂ ಆಗುತ್ತದೆ, ಇಲ್ಲೂ ಆಗುತ್ತದೆ, ಅಲ್ಲೂ ಆಗುತ್ತದೆ. ಮೊದಲ ಕೆಲವು ವಾರಗಳಲ್ಲಿ ಗೊತ್ತಾದರೆ ಮತ್ತೆ ತೆರೆದು, ತೊಳೆದು, ಲೋಹದ ಎರಡು ಭಾಗಗಳ ನಡುವಿನ ಪ್ಲಾಸ್ಟಿಕ್ ತುಂಡನ್ನು ಬದಲಾಯಿಸಿ, ಮಂಡಿಯನ್ನು ಉಳಿಸಿಕೊಳ್ಳಬಹುದು. ತಡವಾದರೆ ಇಡೀ ಮಂಡಿ ತೆಗೆದು, ಆಂಟಿಬಯಾಟಿಕ್ ಬೆರೆಸಿದ ಸಿಮೆಂಟಿನ ತುಂಡು ಇಟ್ಟು, ವಾರಗಟ್ಟಲೆ ಔಷಧಿ ಕೊಟ್ಟು, ಆಮೇಲೆ ಇನ್ನೊಂದು ಮಂಡಿ. ಅಂದರೆ ಎರಡು ದೊಡ್ಡ ಆಪರೇಶನ್ನು. ಈಗ ನಾನು ಮೈಸೂರಿನಲ್ಲಿ ಮಾಡಿಸಿಕೊಂಡು ರೆಡಿಂಗ್‌ಗೆ ಬಂದ ಮೇಲೆ ಮಂಡಿ ಕೆಂಪಾಗಿ ಊದಿತು ಅಂದುಕೊಳ್ಳಿ. ಇಲ್ಲಿಯ ಎಮರ್ಜೆನ್ಸಿಗೆ ಹೋದರೆ ನೋಡುತ್ತಾರೆ, ಹೊರಗೆ ಕಳಿಸುವುದಿಲ್ಲ. ಆದರೆ ಆ ಪ್ಲಾಸ್ಟಿಕ್ ತುಂಡು ಬದಲಾಯಿಸಬೇಕಾದರೆ ಒಳಗಿರುವುದು ಯಾವ ಕಂಪನಿಯ, ಯಾವ ಮಾದರಿಯ, ಯಾವ ಸೈಜಿನ ಮಂಡಿ ಎಂದು ತಿಳಿಯಬೇಕು. ಒಂದು ಕಂಪನಿಯದಕ್ಕೆ ಇನ್ನೊಂದರದು ಕೂರುವುದಿಲ್ಲ. ಶನಿವಾರ ರಾತ್ರಿ ಇಲ್ಲಿಯ ಜೂನಿಯರ್ ಡಾಕ್ಟರು ಆ ಮಾಹಿತಿಗಾಗಿ ಮೈಸೂರಿಗೆ ಫೋನ್ ಮಾಡುವುದನ್ನು ಊಹಿಸಿಕೊಂಡೆ. ಇನ್ನು ಮಾಮೂಲಿ ಫಾಲೋಅಪ್, ಫಿಸಿಯೋ, "ಸ್ವಲ್ಪ ಸೊಟ್ಟಗಿದೆ, ನೋಡಿ" ಎನ್ನುವಂಥದ್ದು: ಹೊರಗೆ ಖಾಸಗಿಯಾಗಿ ಮಾಡಿಸಿದ್ದರ ಹೊಣೆ ಎನ್‌ಎಚ್‌ಎಸ್‌ನದಲ್ಲ. ಮಾಮೂಲಿ ಟ್ರಾವೆಲ್ ಇನ್ಶೂರೆನ್ಸೂ ನೀವಾಗಿಯೇ ಹೋಗಿ ಮಾಡಿಸಿಕೊಂಡ ಆಪರೇಶನ್ನಿಗಾಗಲಿ ಅದರಿಂದ ಬಂದ ತೊಂದರೆಗಾಗಲಿ ದುಡ್ಡು ಕೊಡುವುದಿಲ್ಲ.

ಎರಡನೆಯದು, ಆ ಸೋಂಕು ಯಾವ ಕೀಟಾಣುವಿನದು ಎನ್ನುವುದು. ಹದಿನೈದು ವರ್ಷದ ಹಿಂದೆ ಇದರ ಮೇಲೆ ದೊಡ್ಡ ಗಲಾಟೆಯೇ ಆಗಿತ್ತು. ನವದೆಹಲಿಯಲ್ಲಿ ಆಸ್ಪತ್ರೆ ಸೇರಿದ್ದ ಭಾರತೀಯ ಮೂಲದ ಸ್ವೀಡನ್ನಿನ ರೋಗಿಯೊಬ್ಬರಲ್ಲಿ 2008ರಲ್ಲಿ ಸಿಕ್ಕ, ಬಲವಾದ ಆಂಟಿಬಯಾಟಿಕ್‌ಗಳಿಗೂ ಜಗ್ಗದ ಕೀಟಾಣುವಿನ ಕಿಣ್ವಕ್ಕೆ ವಿಜ್ಞಾನಿಗಳು ಎನ್‌ಡಿಎಂ-1 ಎಂದು ಹೆಸರಿಟ್ಟರು. ಎನ್‌ಡಿ ಎಂದರೆ ನವದೆಹಲಿಯೇ. 2010ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೇಖನ ಇದನ್ನು ಭಾರತಕ್ಕೆ ಆಪರೇಶನ್ನಿಗೆ ಹೋಗಿಬರುವವರ ಜೊತೆ ಸೇರಿಸಿ ಹೇಳಿದಾಗ ನಮ್ಮ ದೇಶದಲ್ಲಿ ಭಾರೀ ವಿರೋಧ ಬಂತು, ನಮ್ಮ ಆಸ್ಪತ್ರೆಗಳ ಹೊಟ್ಟೆಗೆ ಹೊಡೆಯುವ ಹುನ್ನಾರ ಎಂದರು. ಊರಿನ ಹೆಸರಿಟ್ಟದ್ದು ನನಗೂ ಸರಿ ಕಾಣಲಿಲ್ಲ. ಆದರೆ ಕೀಟಾಣುವಿಗೆ ಅಭಿಮಾನವಿಲ್ಲ. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಆಂಟಿಬಯಾಟಿಕ್ ಸಿಗುವ ದೇಶದಲ್ಲಿ ಅದು ಬಲಿಯುವುದು ಸಹಜ. ಇವತ್ತಿಗೂ ಹಿಂದಿನ ಹನ್ನೆರಡು ತಿಂಗಳಲ್ಲಿ ಹೊರದೇಶದ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿದ್ದೀರಾ ಎಂದು ಇಲ್ಲಿಯ ಆಸ್ಪತ್ರೆಗಳಲ್ಲಿ ಕೇಳುತ್ತಾರೆ, ಹೌದು ಎಂದರೆ ಬೇರೆ ಕೋಣೆಯಲ್ಲಿಟ್ಟು ಪರೀಕ್ಷೆ ಮಾಡುತ್ತಾರೆ. ಅವಮಾನ ಎಂದು ಕೆಲವರು ಸಿಟ್ಟಾಗುತ್ತಾರೆ. ನನಗೆ ಅದು ಬುದ್ಧಿವಂತಿಕೆ ಅನ್ನಿಸುತ್ತದೆ.

ಮೂರನೆಯದು ಲೆಕ್ಕ ಇಡುವುದು. 2003ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹಾಕುವ ಮಂಡಿ, ಸೊಂಟಗಳನ್ನು, ಸರ್ಕಾರಿಯಿರಲಿ ಖಾಸಗಿಯಿರಲಿ, ಒಂದು ರಾಷ್ಟ್ರೀಯ ರಿಜಿಸ್ಟ್ರಿಯಲ್ಲಿ ಬರೆದಿಡುತ್ತಾರೆ. ಯಾವ ಸರ್ಜನ್, ಯಾವ ಕಂಪನಿ, ಯಾವ ಬ್ಯಾಚ್, ಮತ್ತೆ ಯಾವಾಗ ತೆಗೆಯಬೇಕಾಯಿತು. ಇದು ಗುಮಾಸ್ತಗಿರಿ ಅಂದುಕೊಳ್ಳಬೇಡಿ. ಜಾನ್ಸನ್ ಅಂಡ್ ಜಾನ್ಸನ್‌ನ ಡೆಪ್ಯೂ ಕಂಪನಿ ಎಎಸ್‌ಆರ್ ಎನ್ನುವ ಲೋಹದ ಸೊಂಟವನ್ನು 2010ರ ಆಗಸ್ಟ್‌ನಲ್ಲಿ ವಾಪಸ್ ತೆಗೆದುಕೊಂಡಿತಲ್ಲ, ಅದು ಬೇಗ ಹಾಳಾಗುತ್ತಿದೆ ಎಂದು ತೋರಿಸಿಕೊಟ್ಟದ್ದು ಇಂಥ ರಿಜಿಸ್ಟ್ರಿಗಳ ಅಂಕಿಗಳೇ. ಭಾರತದಲ್ಲೂ ಅದನ್ನು ಸುಮಾರು 4,700 ಆಪರೇಶನ್ನುಗಳಲ್ಲಿ ಹಾಕಿದ್ದರು. ಆಮೇಲೆ ಸರ್ಕಾರ ಸಮಿತಿ ಮಾಡಿ, ಪರಿಹಾರ ಕೊಡಿಸಲು ಹೊರಟಾಗ ಮುಕ್ಕಾಲು ಪಾಲು ರೋಗಿಗಳು ಎಲ್ಲಿದ್ದಾರೆ ಎಂದೇ ಗೊತ್ತಾಗಲಿಲ್ಲ. ಭಾರತದಲ್ಲಿ ಸರ್ಜನ್ನರ ಸಂಘದ ರಿಜಿಸ್ಟ್ರಿ ಇದೆ, ಆದರೆ ಬರೆಸುವುದು ಅವರವರ ಇಚ್ಛೆ. ಒಳ್ಳೆಯ ಮಂಡಿ ಇಪ್ಪತ್ತೈದು ವರ್ಷ ಬರುತ್ತದೆ ಎಂದು ಇವತ್ತು ನಾವು ಧೈರ್ಯವಾಗಿ ಹೇಳುವುದೂ ಯಾರೋ ಇಪ್ಪತ್ತೈದು ವರ್ಷ ಲೆಕ್ಕ ಇಟ್ಟಿದ್ದರಿಂದಲೇ: 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಧ್ಯಯನದ ಪ್ರಕಾರ ಪೂರ್ತಿ ಬದಲಾಯಿಸಿದ ಮಂಡಿಗಳಲ್ಲಿ ನೂರಕ್ಕೆ 82 ಅಷ್ಟು ಕಾಲ ಬಾಳುತ್ತವೆ. ನನ್ನ ಮಂಡಿ ಆ ಲೆಕ್ಕದ ಪುಸ್ತಕದಲ್ಲಿರಬೇಕು ಅನ್ನಿಸಿತು. ಲೈಬ್ರರಿಯವಳಿಗೆ ಕ್ಯಾಟಲಾಗಿನ ಮೇಲೆ ಪ್ರೀತಿ ಜಾಸ್ತಿ ಇರಬಹುದು.

ವಿಮಾನದ ವಿಷಯ ಎಲ್ಲರಿಗೂ ಗೊತ್ತು, ಆದರೂ ಯಾರೂ ಲಕ್ಷ್ಯಕ್ಕೆ ತೆಗೆದುಕೊಳ್ಳುವುದಿಲ್ಲ. ಮಂಡಿ, ಸೊಂಟದ ಆಪರೇಶನ್ ಆದ ಮೇಲೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೇಗೂ ಹೆಚ್ಚು. ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಅದರ ಮೇಲೆ ಬೆಂಗಳೂರಿನಿಂದ ಹೀಥ್ರೋಗೆ ಹತ್ತು ಗಂಟೆ ಕಾಲು ಮಡಿಸಿ ಕೂರುವುದು. ಅದಕ್ಕೂ ಮೊದಲು ಮೈಸೂರಿನಿಂದ ದೇವನಹಳ್ಳಿಯವರೆಗೆ ಫ್ಲೈಬಸ್ಸಿನಲ್ಲೋ ಟ್ಯಾಕ್ಸಿಯಲ್ಲೋ ನಾಲ್ಕು ಗಂಟೆ. ಇಲ್ಲಿಯ ಡಾಕ್ಟರು ಮೂರು ತಿಂಗಳು ದೂರದ ವಿಮಾನ ಬೇಡ ಅಂದರು. ಅಲ್ಲಿಯ ಒಬ್ಬರು ಮೂರು ವಾರ ಸಾಕು, ಇಂಜೆಕ್ಷನ್ ಕೊಡುತ್ತೇನೆ ಅಂದರು. ಪ್ಯಾಕೇಜ್ ಮಾರುವವರು ಹತ್ತೇ ದಿನ ಅಂದರು. ದಿನ ಕಡಿಮೆಯಾದಷ್ಟೂ ಗಿರಾಕಿಗೆ ಇಷ್ಟ ಎಂದು ಅವರಿಗೆ ಗೊತ್ತು. ಕೆಲಸಕ್ಕೆ ಮೂರು ತಿಂಗಳು ರಜೆ ಕೊಡಿ, ಬೇರೆ ದೇಶದಲ್ಲಿ ಇರುತ್ತೇನೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಹೊರದೇಶದಿಂದ ಬರುವ ರೋಗಿಗಳಿಗೆಂದೇ ಪ್ರತ್ಯೇಕ ಕೌಂಟರ್ ಇಟ್ಟಿರುವ ಬೆಂಗಳೂರಿನ ಆಸ್ಪತ್ರೆಯೊಂದರ ಜೊತೆ ನಡೆದ ಮಾತುಕತೆಯನ್ನೂ ಹೇಳಬೇಕು. ಮೊದಲು ವಾಟ್ಸಾಪಿನಲ್ಲಿ ಬಂದ ಬೆಲೆ ಒಂದು. ಓಸಿಐ ಕಾರ್ಡು (ಹೊರದೇಶದ ಪೌರರಾದ ಭಾರತೀಯ ಮೂಲದವರಿಗೆ ಭಾರತ ಕೊಡುವ ಕಾರ್ಡು), ಇಂಗ್ಲೆಂಡಿನ ವಿಳಾಸ ನೋಡಿದ ಮೇಲೆ ಬಂದ ಬೆಲೆ ಇನ್ನೊಂದು. ಕೇಳಿದರೆ ಇದು ಇಂಟರ್‌ನ್ಯಾಷನಲ್ ದರ ಮೇಡಂ ಅಂದರು. ಓಸಿಐ ಇದ್ದವರಿಗೆ ಮೆಡಿಕಲ್ ವೀಸಾ ಬೇಕಿಲ್ಲ, ಆದರೆ ಬಿಲ್ ಬರೆಯುವವರ ಕಣ್ಣಿಗೆ ನಾವು ಪೌಂಡೇ. ಆಮೇಲೆ ಎರಡು ಮಂಡಿಯನ್ನೂ ಒಟ್ಟಿಗೆ ಮಾಡಿಸಿ, ಡಿಸ್ಕೌಂಟ್ ಇದೆ ಅಂದರು. ನನ್ನ ಎಡಮಂಡಿ ಇನ್ನೂ ಅಷ್ಟು ಕೆಟ್ಟಿಲ್ಲ ಅಂದರೆ, "ಹೇಗೂ ಬರ್ತೀರಲ್ಲ ಮೇಡಂ, ಟಿಕೆಟ್ ಉಳಿಯುತ್ತೆ" ಅಂದರು! ಒಂದೇ ದಿನ ಎರಡೂ ಮಾಡಿದರೆ ಹೃದಯದ ಮೇಲೆ, ರಕ್ತ ಹೆಪ್ಪುಗಟ್ಟುವುದರ ಮೇಲೆ ಭಾರ ಜಾಸ್ತಿ. ಕೆಲವರಿಗೆ ಅದು ಸರಿಹೋಗುತ್ತದೆ, ಆದರೆ ಆ ಮಾತನ್ನು ಸರ್ಜನ್ ಹೇಳಬೇಕು, ಕೌಂಟರಿನಲ್ಲಿರುವ ಹುಡುಗ ಅಲ್ಲ. ರೋಬೋಟ್ ಬೇಕೋ ಬೇಡವೋ ಎನ್ನುವುದಕ್ಕೂ ಅವನೇ ಉತ್ತರ ಕೊಟ್ಟ. ರೋಬೋಟ್ ತಾನಾಗಿ ಆಪರೇಶನ್ ಮಾಡುವುದಿಲ್ಲ, ಮೂಳೆ ಕತ್ತರಿಸುವ ಅಳತೆಯಲ್ಲಿ ಸರ್ಜನ್ನಿಗೆ ನೆರವಾಗುತ್ತದೆ, ಅಷ್ಟು ನನಗೆ ಗೊತ್ತಿತ್ತು. ಅವನಿಗೆ ಗೊತ್ತಿದ್ದದ್ದು ಅದರ ದರ.

ನ್ಯಾಯ ಕೇಳುವ ದಾರಿ ಅಲ್ಲಿ ಇಲ್ಲವೇ ಇಲ್ಲ ಎಂದೇನಲ್ಲ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿಗೆ ಒಳಪಡುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆದರೆ ರೆಡಿಂಗ್‌ನಲ್ಲಿ ಕೂತು ಮೈಸೂರಿನ ಗ್ರಾಹಕ ಆಯೋಗದಲ್ಲಿ ಕೇಸು ನಡೆಸುವುದು ಯಾರಿಗೆ ಬೇಕು?

ಇಷ್ಟೆಲ್ಲ ಹೇಳಿದ ಮೇಲೆ, ಊರಿಗೆ ಹೋಗಿ ಆಪರೇಶನ್ ಮಾಡಿಸುವುದೇ ತಪ್ಪು ಎಂದು ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ನಮ್ಮವರ ಎರಡೂ ಕಣ್ಣಿನ ಪೊರೆ ತೆಗೆಸಿದ್ದು ಮೈಸೂರಿನಲ್ಲೇ. ಒಂದು ಕಣ್ಣು ಆಗಿ, ಅದು ಸರಿಹೋದ ಮೇಲೆ ಇನ್ನೊಂದು. ಹತ್ತಿಪ್ಪತ್ತು ನಿಮಿಷದ ಕೆಲಸ, ಆಸ್ಪತ್ರೆಯಲ್ಲಿ ರಾತ್ರಿ ಕಳೆಯಬೇಕಿಲ್ಲ, ಕೆಲವು ವಾರ ಹನಿ ಹಾಕಿಕೊಳ್ಳುವುದು. ಒಳಗೆ ಕೂರಿಸಿದ ಲೆನ್ಸಿನ ಕಾರ್ಡು ಪರ್ಸಿನಲ್ಲಿದೆ. ಮುಂದೆ ಲೆನ್ಸಿನ ಹಿಂದಿನ ಪೊರೆ ಮಂಜಾದರೆ ಇಲ್ಲಿ ಲೇಸರಿನಲ್ಲಿ ಐದು ನಿಮಿಷದಲ್ಲಿ ಸರಿಮಾಡುತ್ತಾರೆ, ಯಾರು ಮಾಡಿದ್ದು ಎಂದು ಕೇಳುವುದಿಲ್ಲ. ತೊಂದರೆ ಆಗುವುದಾದರೆ ಬಹುಪಾಲು ಮೊದಲ ವಾರ ಎರಡು ವಾರದಲ್ಲೇ ಆಗುತ್ತದೆ, ಅಷ್ಟರಲ್ಲಿ ನಾವಿನ್ನೂ ಊರಲ್ಲೇ ಇರುತ್ತೇವೆ. ಆರೈಕೆಯ ಕಾಲ ಚಿಕ್ಕದು, ಆಮೇಲೆ ಹಿಂದೆ ಬರುವ ತಾಪತ್ರಯದ ಬಾಲವೂ ಚಿಕ್ಕದು. ಅಂಥದ್ದಕ್ಕೆ ಹೋಗಿ ಬನ್ನಿ. ಮಂಡಿಯ ಬಾಲ ಉದ್ದ. ಹೊಟ್ಟೆ ಚಿಕ್ಕದು ಮಾಡಿಸುವ ಆಪರೇಶನ್ನಿನದು ಅದಕ್ಕಿಂತ ಉದ್ದ, ಬದುಕಿರುವವರೆಗೂ ರಕ್ತಪರೀಕ್ಷೆ, ವಿಟಮಿನ್ನು. ಅದಕ್ಕೆಂದು ಟರ್ಕಿಗೆ ಐದು ದಿನಕ್ಕೆ ಹೋಗಿ ಬರುವವರ ವಿಡಿಯೋಗಳನ್ನು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತದೆ. ಆಪರೇಶನ್ನಿಗೆ ಹೋಗಿ ಅಲ್ಲಿ ತೀರಿಕೊಂಡ ಬ್ರಿಟಿಷರ ವಿಷಯವನ್ನು ಇಲ್ಲಿಯ ಸರ್ಕಾರವೇ ಟರ್ಕಿ ಪ್ರಯಾಣದ ಸೂಚನೆಯಲ್ಲಿ ಬರೆದಿದೆ.

ಹೋಗುತ್ತೇನೆ ಎಂದು ನಿರ್ಧರಿಸಿದವರು ಒಂದು ಕೆಲಸ ಮಾಡಿ. ಮಂಡಿಯ ಡಬ್ಬದ ಮೇಲೆ ಕಂಪನಿ, ಸೈಜು, ಬ್ಯಾಚ್ ನಂಬರ್ ಇರುವ ಸ್ಟಿಕರ್‌ಗಳು ಬರುತ್ತವೆ, ಅವನ್ನು ನಿಮ್ಮ ಕೇಸ್ ಶೀಟಿಗೆ ಅಂಟಿಸುತ್ತಾರೆ. ಆ ಹಾಳೆಯ ಫೋಟೋ ನೀವೇ ತೆಗೆದುಕೊಳ್ಳಿ. ಡಿಸ್ಚಾರ್ಜ್ ಸಮ್ಮರಿ ಸಾಲದು, ಆಪರೇಶನ್ ನೋಟ್ ಬೇರೆ ಕೇಳಿ, ಎಕ್ಸ್‌ರೇಗಳನ್ನು ಸಿಡಿಯಲ್ಲಿ ಕೇಳಿ. ಬಿಲ್ಲಿನಲ್ಲಿ ಮಂಡಿಯ ಬೆಲೆಯನ್ನು ಬೇರೆಯಾಗಿ, ಕಂಪನಿಯ ಹೆಸರಿನ ಜೊತೆ ಬರೆಯಬೇಕೆಂಬುದು ಬೆಲೆ ಕಟ್ಟಿದಾಗಲೇ ಬಂದ ನಿಯಮ; "ಪ್ಯಾಕೇಜ್ ಸಾರ್, ಬಿಡಿಸಿ ಕೊಡೋಕಾಗಲ್ಲ" ಅಂದರೆ ಒಪ್ಪಬೇಡಿ. ಹೊರಡುವ ಮೊದಲೇ ಇಲ್ಲಿಯ ಜಿ.ಪಿ.ಗೆ ಹೇಳಿ. ಅವರು ಬೈಯಬಹುದು, ಬೈಸಿಕೊಳ್ಳಿ.

ನಾನು ಏನು ಮಾಡಿದೆ? ಇಂಗ್ಲೆಂಡಿನಲ್ಲಿ ಆಸ್ಪತ್ರೆಯನ್ನು ಆರಿಸಿಕೊಳ್ಳುವ ಹಕ್ಕು ರೋಗಿಗಿದೆ. ಎನ್‌ಎಚ್‌ಎಸ್ ಖರ್ಚಿನಲ್ಲೇ ಬೇರೆ ಊರಿನ ಆಸ್ಪತ್ರೆಗೆ, ಎನ್‌ಎಚ್‌ಎಸ್ ರೋಗಿಗಳನ್ನು ತೆಗೆದುಕೊಳ್ಳುವ ಖಾಸಗಿ ಆಸ್ಪತ್ರೆಗೂ ಹೋಗಬಹುದು. 18 ವಾರ ದಾಟಿದರೆ ಬೇರೆಡೆಗೆ ವರ್ಗಾಯಿಸಿ ಎಂದು ಕೇಳಬಹುದು. ನಮ್ಮ ಹಾಲ್‌ನಲ್ಲಿ ಸೇರುವವರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ, ಬೆಂಗಳೂರಿನ ಆರು ಆಸ್ಪತ್ರೆಗಳ ದರ ಬಾಯಿಗೆ ಬರುತ್ತದೆ. ಯಾವ ಆಸ್ಪತ್ರೆಯಲ್ಲಿ ಎಷ್ಟು ಕಾಯಬೇಕು ಎಂದು ನೆಟ್‌ನಲ್ಲಿ ನೋಡಿ, ಮನೆಯಿಂದ ಒಂದು ಗಂಟೆ ಕಾರಿನ ದೂರದಲ್ಲಿರುವ ಒಂದನ್ನು ಆರಿಸಿ, ಜಿ.ಪಿ.ಗೆ ಹೇಳಿ ಬದಲಾಯಿಸಿಕೊಂಡೆ. ಸರದಿ ಅಲ್ಲಿ ಚಿಕ್ಕದು. ಅಷ್ಟರವರೆಗೆ ಇಲ್ಲಿಯ ಲೀಷರ್ ಸೆಂಟರಿನಲ್ಲಿ ಮಂಡಿ ನೋವಿನವರಿಗೆಂದೇ ನಡೆಸುವ ವ್ಯಾಯಾಮದ ತರಗತಿಗೆ ಹೋಗುತ್ತಿದ್ದೇನೆ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಆಪರೇಶನ್ ಆದ ಮೇಲೆ ಏಳುವುದು ಸುಲಭ. ನೋವು ಹೋಗಿಲ್ಲ. ಆದರೆ ಟ್ರಾಲಿಯ ಕೆಳಗಿನ ಸಾಲು ಮೊದಲಿನಷ್ಟು ಹೆದರಿಸುತ್ತಿಲ್ಲ.

ಆಪರೇಶನ್ನಿಗೆ ಮೊದಲು ಬಾಯಿ ತೋರಿಸಿಕೊಂಡು ಬನ್ನಿ ಎಂದಿದ್ದಾರೆ. ಕೊಳೆತ ಹಲ್ಲಿನ ಸೋಂಕು ರಕ್ತದಲ್ಲಿ ಹೋಗಿ ಹೊಸ ಮಂಡಿಯಲ್ಲಿ ಕೂರಬಹುದಂತೆ. ನನ್ನ ಕೆಳದವಡೆಯಲ್ಲಿ ಎರಡು ಹಾಳಾಗಿವೆ. ಇಲ್ಲಿ ಎನ್‌ಎಚ್‌ಎಸ್ ಹಲ್ಲಿನ ಡಾಕ್ಟರು ಸಿಗುವುದು ಮಂಡಿಯ ಡಾಕ್ಟರಿಗಿಂತ ಕಷ್ಟ, ಖಾಸಗಿಯವರು ಹೇಳಿದ ದರ ಕೇಳಿ ಬಾಯಿ ಮುಚ್ಚಿಕೊಂಡು ಬಂದೆ. ಹಾಗಾಗಿ ಮುಂದಿನ ತಿಂಗಳು ಮೈಸೂರಿಗೆ ಟಿಕೆಟ್ ಮಾಡಿಸಿದ್ದೇವೆ, ನಡುದಾರಿಯ ಸೀಟು, ಎದ್ದು ಓಡಾಡಬಹುದು. ತಂಗಿಗೆ ಹೇಳಿದೆ. "ಹಲ್ಲಿಗಾದ್ರೆ ಬರ್ತೀಯ, ಮಂಡಿಗೆ ಬರಲ್ಲ ಅಂತೀಯ" ಎಂದು ಗೊಣಗಿ, ಸರಸ್ವತಿಪುರದಲ್ಲಿ ತಾನು ಹೋಗುವ ಹಲ್ಲಿನ ಡಾಕ್ಟರ ಬಳಿ ಬೆಳಗಿನ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದಾಳೆ.